ಸಣ್ಣ ಹೊರೆಗಾಡಿಯ ಅಚ್ಚಿನ ಹಲ್ಲೂ ಎಣ್ಣೆಯ ಖರ್ಚೂ

ಎತ್ತಿನ ಜೋಡಿಯನ್ನು ಕೊಳ್ಳಲು ಜಾತ್ರೆಗೆ ಹೋದ ಹಿಡುವಳಿದಾರನು ಸುಳಿಯನ್ನೂ ಗೊರಸನ್ನೂ ನೋಡಿ, ಬಾಯಿ ಬಿಡಿಸಿ ಹಲ್ಲನ್ನು ಎಣಿಸಿದಲ್ಲದೆ ಹಗ್ಗವನ್ನು ಕೈಗೆ ತೆಗೆದುಕೊಳ್ಳುವವನಲ್ಲ. ಅದೇ ಹಿಡುವಳಿದಾರನು ಎತ್ತಿನ ಬೆಲೆಯ ಎಷ್ಟೋ ಪಾಲು ಹಣವನ್ನು ಸುರಿದು ಪಿಕಪ್ ಗಾಡಿಯನ್ನು ಕೊಳ್ಳುವಾಗ, ಬಣ್ಣವನ್ನೂ ಸಾಲದ ಕಂತನ್ನೂ ಲೀಟರಿಗೆ ಎಷ್ಟು ಮೈಲೇಜೆಂಬುದನ್ನೂ ವಿಚಾರಿಸಿ ತೃಪ್ತನಾಗುವನು. ಹಿಂದಿನ ಅಚ್ಚಿನೊಳಗೆ ಹಲ್ಲುಗಳೆಷ್ಟೆಂದು ಕೇಳುವವರು ವಿರಳ. ಎಣ್ಣೆಯ ಖರ್ಚಿನ ಒಂದು ಮುಖ್ಯ ಭಾಗವಾದರೋ ಅಲ್ಲಿಯೇ ನಿಶ್ಚಯವಾಗುತ್ತದೆ.

ಎಂಜಿನ್ನಿನ ತಿರುಗುವಿಕೆಯು ಗಿಯರ್ ಪೆಟ್ಟಿಗೆಯನ್ನು ದಾಟಿ, ಉದ್ದನೆಯ ಶಾಫ್ಟಿನ ಮೂಲಕ ಹಿಂದಿನ ಅಚ್ಚನ್ನು ಸೇರುತ್ತದೆ. ಅಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುವುದು. ಕ್ರೌನಿಗೆ 41 ಹಲ್ಲೂ ಪಿನಿಯನಿಗೆ 10 ಹಲ್ಲೂ ಇದ್ದಲ್ಲಿ, ಗಾಡಿಯ ಚಕ್ರವು ಒಂದು ಸುತ್ತು ಬರಬೇಕಾದರೆ ಶಾಫ್ಟು 4.10 ಸುತ್ತು ತಿರುಗಬೇಕು. ಪಿನಿಯನಿನ ಹಲ್ಲು 11 ಆದರೆ ಈ ಸಂಖ್ಯೆಯು 3.73ಕ್ಕೆ ಇಳಿಯುವುದು, 8 ಆದರೆ 5.125ಕ್ಕೆ ಏರುವುದು. ಸಂಖ್ಯೆ ದೊಡ್ಡದಾದಷ್ಟೂ ಎಳೆಯುವ ಬಲ ಹೆಚ್ಚು. ಆದರೆ ಅದೇ ವೇಗಕ್ಕೆ ಎಂಜಿನ್ನು ಹೆಚ್ಚು ಸುತ್ತಬೇಕಾಗುವುದು.

ಚಕ್ರದ ಸುತ್ತಳತೆಯು 2 ಮೀಟರ್ ಎಂದು ಇಟ್ಟುಕೊಂಡರೆ, ಗಂಟೆಗೆ 60 ಕಿಲೋಮೀಟರ್ ಓಡುವ ಗಾಡಿಯ ಚಕ್ರವು ನಿಮಿಷಕ್ಕೆ 500 ಸುತ್ತು ಬರುತ್ತದೆ. ಎಂಜಿನ್ನೂ ಶಾಫ್ಟೂ ಸಮನಾಗಿ ತಿರುಗುವ ಗಿಯರಿನಲ್ಲಿ, 3.73ರ ಅಚ್ಚಿನ ಗಾಡಿಯ ಎಂಜಿನ್ನು ನಿಮಿಷಕ್ಕೆ ಸುಮಾರು 1,860 ಸುತ್ತೂ, 4.10ರದು 2,050 ಸುತ್ತೂ, 5.125ರದು ಸುಮಾರು 2,560 ಸುತ್ತೂ ತಿರುಗುವುದು. ಪ್ರತಿಯೊಂದು ಸುತ್ತಿಗೂ ಉಜ್ಜಾಟದಲ್ಲಿ ಒಂದಿಷ್ಟು ಎಣ್ಣೆ ವ್ಯರ್ಥವಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಅರ್ಧ ಮುಚ್ಚಿದ ದ್ವಾರದ ಮೂಲಕ ಗಾಳಿಯನ್ನು ಎಳೆದುಕೊಳ್ಳುವ ಶ್ರಮವೂ ಇದಕ್ಕೆ ಸೇರುವುದರಿಂದ, ನಿಧಾನವಾಗಿ ಸುತ್ತಿಸಿದರೆ ಉಳಿತಾಯ ಹೆಚ್ಚು. ಡೀಸೆಲಿನಲ್ಲಿ ಆ ಶ್ರಮವು ಅಲ್ಪವಾದುದರಿಂದ ಉಳಿತಾಯವೂ ಕಡಿಮೆ. ಸುತ್ತುಗಳು ಹತ್ತರಲ್ಲಿ ಒಂದು ಪಾಲು ಇಳಿದ ಮಾತ್ರಕ್ಕೆ ಎಣ್ಣೆಯೂ ಹತ್ತರಲ್ಲಿ ಒಂದು ಪಾಲು ಉಳಿಯುವುದೆಂದು ಯಾರೂ ಎಣಿಸಬಾರದು. ಗಾಳಿಯನ್ನು ಸೀಳುವ, ಟೈರನ್ನು ಉರುಳಿಸುವ ಕೆಲಸವು ಯಾವ ಅಚ್ಚಿನಲ್ಲಿಯೂ ತಪ್ಪಿದ್ದಲ್ಲ.

ಚಿಕ್ಕ ಸಂಖ್ಯೆಯ ಅಚ್ಚಿಗೆ ಕೀರ್ತಿ ಬಂದುದು ಹೆಚ್ಚಾಗಿ ಅಮೆರಿಕಾ ದೇಶದಿಂದ. 1973ರಲ್ಲಿ ಅಲ್ಲಿ ತೈಲದ ಅಭಾವವುಂಟಾಗಿ, 1974ರಲ್ಲಿ ದೇಶದಾದ್ಯಂತ ಗಂಟೆಗೆ 55 ಮೈಲಿಯ ವೇಗಮಿತಿಯೂ 1975ರಲ್ಲಿ ವಾಹನಗಳ ಎಣ್ಣೆ ಖರ್ಚಿನ ಮೇಲೆ ಕಾನೂನೂ ಬಂದುವು. ಚಪ್ಪಟೆಯಾದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುವ ಗಾಡಿಗೆ ಚಿಕ್ಕ ಸಂಖ್ಯೆಯು ಯುಕ್ತವೇ ಸರಿ. ಆದರೆ ಅಲ್ಲಿಯೂ ಫೋರ್ಡ್ ರೇಂಜರ್ ಮುಂತಾದ ಸಣ್ಣ ಪಿಕಪ್ಪುಗಳು 3.45, 3.73, 4.10 ಎಂಬ ಬೇರೆ ಬೇರೆ ಅಚ್ಚುಗಳೊಡನೆ ದೊರೆಯುತ್ತಿದ್ದುವು. ಹಿಂದೆ ತೊಟ್ಟಿಗಾಡಿಯನ್ನು ಎಳೆಯಬೇಕಾದವನು 4.10ನ್ನೇ ಕೇಳುತ್ತಿದ್ದನು. ಇದು ಹೊಸ ವಿವೇಕವೇನೂ ಅಲ್ಲ. ಅದೇ ಕಂಪೆನಿಯ ಹಳೆಯ ಮಾಡಲ್ ಟಿ ಕಾರಿನ ಅಚ್ಚು 3.64 ಇದ್ದರೆ, ಅದೇ ಎಂಜಿನ್ನನ್ನು ಹೊತ್ತು 1917ರಲ್ಲಿ ಹೊರಟ ಒಂದು ಟನ್ನಿನ ಲಾರಿಗೆ 7.25ರ ಅಚ್ಚನ್ನು ಹಾಕಿದ್ದರು.

ನಮ್ಮ ಬೇಸಾಯಗಾರನ ಗಾಡಿಯ ಬಾಳು ಹೆದ್ದಾರಿಯ ಬಾಳಲ್ಲ. ತೋಟದ ಕೆಸರಿನಲ್ಲಿ ಹೊರೆ ಏರಿಸಿಕೊಂಡು, ಓಣಿಯ ಏರನ್ನು ಹತ್ತಿ, ಡಾಂಬರು ರಸ್ತೆಯನ್ನು ಸೇರಿ, ಮಂಡಿಯ ಮುಂದೆ ತಾಸುಗಟ್ಟಲೆ ತೆವಳಿ, ಸಂಜೆ ಖಾಲಿಯಾಗಿ ಹಿಂದಿರುಗುವುದು ಅದರ ದಿನಚರಿ. ಇಂತಹ ಗಾಡಿಗೆ 3.73ರ ಅಚ್ಚನ್ನು ಹಾಕಿದರೆಂದು ಭಾವಿಸೋಣ. ಹೊರೆಯೊಡನೆ ಏರು ಬಂದಾಗ ಎಂಜಿನ್ನು ತಿಣುಕಿ, ಡ್ರೈವರನು ಒಂದು ಗಿಯರ್ ಕೆಳಕ್ಕೆ ಇಳಿಯಲೇಬೇಕಾಗುವುದು. ಆ ಗಿಯರಿನ ಪ್ರಮಾಣವು 1.4 ಆಗಿದ್ದರೆ, ಚಕ್ರದ ಒಂದು ಸುತ್ತಿಗೆ ಎಂಜಿನ್ನು 5.22 ಸುತ್ತು ತಿರುಗಿದಂತಾಯಿತು. 4.10ರ ಅಚ್ಚಿನ ಗಾಡಿಯು ಅದೇ ಏರನ್ನು ಗಿಯರ್ ಇಳಿಸದೆ ಹತ್ತಬಲ್ಲುದಾದರೆ, ಅದರ ಎಂಜಿನ್ನಿಗೆ 4.10 ಸುತ್ತೇ ಸಾಕು. ಎಣ್ಣೆ ಉಳಿಸಲೆಂದು ತಂದ ಅಚ್ಚೇ ಎಣ್ಣೆಯನ್ನು ಕುಡಿಯುವುದು ಹೀಗೆ. ನಿಂತಲ್ಲಿಂದ ಹೊರೆಯನ್ನು ಎಳೆಯುವಾಗಲೆಲ್ಲ ಕ್ಲಚ್ಚನ್ನು ಜಾರಿಸಿ ಜಾರಿಸಿ ಸುಡುವುದು ಬೇರೆ; ಒಂದು ಕ್ಲಚ್ ಪ್ಲೇಟಿನ ಖರ್ಚು ಎಷ್ಟು ದಿನದ ಎಣ್ಣೆಯ ಉಳಿತಾಯವನ್ನು ನುಂಗುವುದೆಂಬುದನ್ನು ಗಾಡಿಯ ಯಜಮಾನರೇ ಬಲ್ಲರು.

ಆದುದರಿಂದ ಕೊಪ್ಪ, ಮೂಡಿಗೆರೆಗಳ ಕಡೆಯ ಅಡಕೆ ಕಾಫಿ ತೋಟಗಾರರು ದೊಡ್ಡ ಸಂಖ್ಯೆಯ ಅಚ್ಚಿಗೆ ಹಿಂಜರಿಯಬೇಕಾಗಿಲ್ಲ. ಚಾರ್ಮಾಡಿಯಂತಹ ಘಾಟಿಯನ್ನು ಹೊರೆಯೊಡನೆ ಇಳಿಯುವಾಗ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುವುದಕ್ಕೂ ಅದು ಒಳ್ಳೆಯದು. ಕೋಲಾರದಿಂದ ಬೆಂಗಳೂರಿಗೆ ಅಗಲವಾದ ಹೆದ್ದಾರಿಯಲ್ಲಿ ಟೊಮೇಟೊ ಸಾಗಿಸುವವನ ಸಂಗತಿ ಬೇರೆ. ಅವನು ಅದೇ ಅಚ್ಚನ್ನು ತಂದರೆ ದಿನವೂ ನಷ್ಟಪಡುವನು. ಎರಡು ಬಗೆಯ ರಸ್ತೆಯೂ ಪಾಲಿಗೆ ಬಂದವರು 4.10ರಂತಹ ಅಚ್ಚಿನೊಡನೆ ಓವರ್‌ಡ್ರೈವ್ ಎಂಬ ಐದನೆಯ ಗಿಯರ್ ಇರುವ ಗಾಡಿಯನ್ನು ಆರಿಸುವುದು ಮೇಲು. ಐದನೆಯ ಗಿಯರಿನ ಪ್ರಮಾಣವು 0.8 ಆಗಿದ್ದಲ್ಲಿ, ಖಾಲಿ ಬರುವಾಗ ಎಂಜಿನ್ನು ಚಕ್ರದ ಸುತ್ತೊಂದಕ್ಕೆ 3.28 ಸುತ್ತು ಮಾತ್ರ ತಿರುಗುವುದು. ನಾಲ್ಕಾರು ಮನೆಯವರು ಕೂಡಿ ಒಂದು ಗಾಡಿಯನ್ನು ಕೊಳ್ಳುವ ಊರುಗಳಲ್ಲಿ, ಯಾರ ಹೊರೆ ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ಊರಿನ ಮುಖಂಡರು ಮೊದಲೇ ಕೇಳಿ ತಿಳಿಯತಕ್ಕದ್ದು.

ಮೈಲೇಜಿನ ಲೆಕ್ಕದಲ್ಲಿ ಒಂದು ಮೋಸವುಂಟು. ಅನೇಕ ಗಾಡಿಗಳಲ್ಲಿ ದೂರವನ್ನು ಅಳೆಯುವ ಮೀಟರು ಗಿಯರ್ ಪೆಟ್ಟಿಗೆಯಿಂದ ತಿರುಗುತ್ತದೆ. 4.10 ಇದ್ದಲ್ಲಿ 5.125ನ್ನು ಹಾಕಿಸಿ ಮೀಟರನ್ನು ಸರಿಪಡಿಸದೆ ಬಿಟ್ಟರೆ, 100 ಕಿಲೋಮೀಟರ್ ಓಡಿದ ಗಾಡಿಯು 125 ಎಂದು ತೋರಿಸುವುದು. ಯಜಮಾನನು ಮೈಲೇಜು ಹೆಚ್ಚಿತೆಂದು ಸಂತೋಷಪಡುವನು; ಎಣ್ಣೆಯ ಬಂಕಿನವನ ಪುಸ್ತಕ ಬೇರೆಯ ಮಾತನ್ನು ಹೇಳುವುದು. ದೊಡ್ಡ ಟೈರನ್ನು ಹಾಕಿಸಿದರೆ ತಪ್ಪು ತಿರುಗುಮುರುಗಾಗಿ, ಓಡಿದ್ದಕ್ಕಿಂತ ಕಡಿಮೆ ತೋರುವುದು. ಕಿಲೋಮೀಟರ್ ಕಲ್ಲುಗಳನ್ನು ನೋಡಿ ಮೀಟರನ್ನು ಒಮ್ಮೆ ಪರೀಕ್ಷಿಸಿದ ಹೊರತು ಯಾರ ಮೈಲೇಜಿನ ಮಾತನ್ನೂ ನಂಬಬೇಕಾಗಿಲ್ಲ.

ಅಚ್ಚಿನ ಸಂಖ್ಯೆಯು ತಯಾರಕರ ವಿವರಪತ್ರದಲ್ಲಿ ಸಾಮಾನ್ಯವಾಗಿ ಇರುತ್ತದೆ. ಹಳೆಯ ಗಾಡಿಯಾದರೆ ಅಂಗಳದಲ್ಲಿಯೇ ಕಂಡುಕೊಳ್ಳಬಹುದು. ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗಿಯರನ್ನು ನ್ಯೂಟ್ರಲಿನಲ್ಲಿಟ್ಟು ಕೈಬ್ರೇಕನ್ನು ಬಿಡಬೇಕು. ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿಯಿಂದ ಎತ್ತಿ, ಅಚ್ಚಿನ ಕೆಳಗೆ ಭದ್ರವಾದ ಮರದ ದಿಮ್ಮಿಯನ್ನು ಕೊಡಬೇಕು. ಶಾಫ್ಟಿನ ಮೇಲೆ ಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನು ಕೈಯಿಂದ 20 ಸುತ್ತು ತಿರುಗಿಸಿ, ಶಾಫ್ಟಿನ ಸುತ್ತನ್ನು ಇನ್ನೊಬ್ಬನು ಪಕ್ಕದಿಂದ ಎಣಿಸಬೇಕು. ಒಂದೇ ಚಕ್ರವು ತಿರುಗುವಾಗ ಕ್ರೌನು ಅದರ ಅರ್ಧದಷ್ಟೇ ಸುತ್ತುವುದರಿಂದ, ಎಣಿಕೆಯನ್ನು 10ರಿಂದ ಭಾಗಿಸತಕ್ಕದ್ದು. ಶಾಫ್ಟು 41 ಸುತ್ತು ಬಂದರೆ ಅಚ್ಚು 4.10.

ಕೊಂಡ ಮೇಲೆ ಬದಲಾಯಿಸುವುದು ಸುಲಭವಲ್ಲ. ಕ್ರೌನನ್ನೂ ಪಿನಿಯನನ್ನೂ ಜೋಡಿಯಾಗಿಯೇ ಹಾಕಿಸಬೇಕು; ನಾಲ್ಕು ಚಕ್ರವೂ ಎಳೆಯುವ ಗಾಡಿಯಾದರೆ ಮುಂದಿನ ಅಚ್ಚಿಗೂ ಅದೇ ಪ್ರಮಾಣ ಬೇಕು. ಹಾಗಾಗಿ ವಿಚಾರಣೆಯೆಲ್ಲವೂ ಮುಂಗಡ ಕೊಡುವುದಕ್ಕೆ ಮೊದಲೇ ನಡೆಯಬೇಕು. ಮಾರುವವರು ಪರೀಕ್ಷೆಗೆಂದು ಗಾಡಿಯನ್ನು ಕೊಟ್ಟಾಗ, ನಿಯಮಿಸಿದ ಭಾರದಷ್ಟು ಮೂಟೆಯನ್ನು ಹೇರಿ ತನ್ನ ಊರಿನ ಕಡಿದಾದ ಏರನ್ನೇ ಹತ್ತಿಸಿ ನೋಡುವುದು ಹಿಡುವಳಿದಾರನ ಹಕ್ಕು. ಅದಕ್ಕೆ ಒಪ್ಪದ ಅಂಗಡಿಯನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಹುದು.