ಒಂದು ಕಪ್ ಸೊಪ್ಪು ಎಂದರೆ ಎಷ್ಟು ಗ್ರಾಂ? ಫಾರ್ವರ್ಡ್‌ಗಳ ಲೆಕ್ಕ ತಪ್ಪುವುದು ಇಲ್ಲೇ

‘ನುಗ್ಗೆ ಸೊಪ್ಪಿನಲ್ಲಿ ಹಾಲಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ದಿನಕ್ಕೊಂದು ಕಪ್ ತಿಂದರೆ ಮಾತ್ರೆಯೇ ಬೇಡ’ ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಇದರ ಮೊದಲ ಭಾಗ ಸುಳ್ಳಲ್ಲ. ಎಡವಟ್ಟು ಇರುವುದು ‘ಒಂದು ಕಪ್’ ಎಂಬ ಅಳತೆಯಲ್ಲಿ.

ಪಟ್ಟಿಯಲ್ಲಿರುವುದು 100 ಗ್ರಾಂ ಲೆಕ್ಕ

ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶ ಪಟ್ಟಿಯನ್ನು ಪ್ರಕಟಿಸಿದೆ. ಅದರ ಪ್ರಕಾರ 100 ಗ್ರಾಂ ನುಗ್ಗೆ ಸೊಪ್ಪಿನಲ್ಲಿ ಸುಮಾರು 314 ಮಿಲಿಗ್ರಾಂ, 100 ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 118 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ತೂಕಕ್ಕೆ ತೂಕ ಹೋಲಿಸಿದರೆ ಸೊಪ್ಪೇ ಮುಂದೆ. ಆದರೆ ನಾವು ಸೊಪ್ಪನ್ನು ತೂಗಿ ತಿನ್ನುವುದಿಲ್ಲ; ಹಿಡಿ, ಕಟ್ಟು, ಕಪ್ ಲೆಕ್ಕದಲ್ಲಿ ಬಳಸುತ್ತೇವೆ.

ಕಪ್ ತುಂಬ ಗಾಳಿ

ಕಪ್ ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಸುಮಾರು 240 ಮಿಲಿಲೀಟರ್‌ನ ಅಳತೆ ಕಪ್‌ನಲ್ಲಿ ನೀರು ತುಂಬಿದರೆ ಸುಮಾರು 240 ಗ್ರಾಂ ತೂಗುತ್ತದೆ. ಅದೇ ಕಪ್‌ಗೆ ಸೊಪ್ಪು ಹಾಕಿದರೆ ಎಲೆಗಳ ನಡುವೆ ಗಾಳಿಯೇ ಹೆಚ್ಚು. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಶದಲ್ಲಿ ಒಂದು ಕಪ್ ಹಸಿ ಸೊಪ್ಪಿನ ತೂಕ ಹೀಗಿದೆ:

• ಕೊತ್ತಂಬರಿ ಸೊಪ್ಪು: ಸುಮಾರು 16 ಗ್ರಾಂ
• ಹೆಚ್ಚಿದ ನುಗ್ಗೆ ಸೊಪ್ಪು: ಸುಮಾರು 21 ಗ್ರಾಂ
• ಪಾಲಕ್: ಸುಮಾರು 30 ಗ್ರಾಂ

ಪಾಲಕ್ ಬೇಯಿಸಿದರೆ ಅದೇ ಕಪ್‌ನಲ್ಲಿ ಸುಮಾರು 180 ಗ್ರಾಂ ಹಿಡಿಸುತ್ತದೆ. ಎಲೆ ಬಾಡಿ ಕುಗ್ಗಿ, ಗಾಳಿ ಇದ್ದ ಜಾಗವೂ ತುಂಬುತ್ತದೆ. ಹಾಗಾಗಿ ಹಸಿಯೋ ಬೆಂದದ್ದೋ, ಇಡೀ ಎಲೆಯೋ ಹೆಚ್ಚಿದ್ದೋ, ಒತ್ತಿ ತುಂಬಿದ್ದೋ ಸಡಿಲವಾಗಿ ತುಂಬಿದ್ದೋ ಎಂದು ಹೇಳದ ಕಪ್ ಲೆಕ್ಕಕ್ಕೆ ಅರ್ಥವಿಲ್ಲ.

ಈಗ ಲೆಕ್ಕ ಹಾಕೋಣ

21 ಗ್ರಾಂ ನುಗ್ಗೆ ಸೊಪ್ಪಿನಲ್ಲಿ ಸಿಗುವ ಕ್ಯಾಲ್ಸಿಯಂ ಸುಮಾರು 66 ಮಿಲಿಗ್ರಾಂ. 200 ಮಿಲಿಲೀಟರ್‌ನ ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇರುತ್ತದೆ. ಅಷ್ಟನ್ನು ಸೊಪ್ಪಿನಿಂದಲೇ ಪಡೆಯಲು ಮೂರೂವರೆ ಕಪ್‌ಗೂ ಹೆಚ್ಚು ಹಸಿ ಸೊಪ್ಪು ಬೇಕು. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಒಂದು ಕಪ್ ನುಗ್ಗೆ ಸೊಪ್ಪು ಅದರ ಶೇ. 7ರಷ್ಟನ್ನೂ ದಾಟುವುದಿಲ್ಲ.

ಮನೆಯಲ್ಲಿ ಏನು ಮಾಡಬಹುದು?

ಅಡುಗೆಮನೆಯ ತಕ್ಕಡಿ ಇದ್ದರೆ ದಂಟು ಬಿಡಿಸಿ, ತೊಳೆದ ಸೊಪ್ಪಿನ ನೀರು ಸೋರಿದ ಮೇಲೆ ತೂಗಿ. ನೀವು ದಿನವೂ ಬಳಸುವ ಲೋಟದಲ್ಲಿ ಎಷ್ಟು ಗ್ರಾಂ ಹಿಡಿಸುತ್ತದೆ ಎಂದು ಒಮ್ಮೆ ಬರೆದಿಟ್ಟುಕೊಂಡರೆ ಮತ್ತೆ ಮತ್ತೆ ತೂಗಬೇಕಿಲ್ಲ. ಹಸಿ ಎಲೆಯ ಲೆಕ್ಕವನ್ನು ಒಣಗಿದ ಪುಡಿಗೆ ಅನ್ವಯಿಸಬೇಡಿ. ಪುಡಿಯಲ್ಲಿ ನೀರಿನಂಶ ಹೋಗಿರುತ್ತದೆ, ಅದರ ಅಂಕಿಗಳೇ ಬೇರೆ.

ನುಗ್ಗೆ ಸೊಪ್ಪು ಒಳ್ಳೆಯ ಆಹಾರ. ಪಲ್ಯ, ಸಾರು ಮಾಡಿ ಧಾರಾಳವಾಗಿ ತಿನ್ನಿ. ಆದರೆ ಗರ್ಭಿಣಿಯರಾಗಲಿ, ಮೂಳೆ ಸವೆತಕ್ಕೆ ಚಿಕಿತ್ಸೆ ಪಡೆಯುತ್ತಿರುವ ಹಿರಿಯರಾಗಲಿ, ಒಂದು ಕಪ್ ಸೊಪ್ಪನ್ನು ನಂಬಿ ವೈದ್ಯರು ಕೊಟ್ಟ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬಾರದು. ಮುಂದಿನ ಬಾರಿ ಇಂಥ ಸಂದೇಶ ಬಂದರೆ ಹಂಚುವ ಮುನ್ನ ಒಂದೇ ಪ್ರಶ್ನೆ ಕೇಳಿ: ಈ ಅಂಕಿ ಎಷ್ಟು ಗ್ರಾಂಗೆ?