ಶರೀಫರ ಪದಕ್ಕೆ ಗಿಟಾರು ಬೇಡವೆ?

ಕಳೆದ ರಾಜ್ಯೋತ್ಸವದಂದು ನಮ್ಮ ಸಂಘದ ಸಭೆಯಲ್ಲಿ ನಡೆದುದನ್ನು ಕುರಿತು ಎರಡು ಮಾತು ಬರೆಯಬೇಕಾಗಿದೆ. ಹೋಟೆಲಿನಲ್ಲಿ ದುಡಿಯುವ ಕೆಲವು ತರುಣರು ಗಿಟಾರು, ಡ್ರಮ್ಮು ಕೂಡಿಸಿ ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದವನ್ನು ಹಾಡಿದರು. 1982ರ ಮುಷ್ಕರದವರೆಗೆ ಗಿರಣಿಯಲ್ಲಿದ್ದ, ಹಾವೇರಿ ಕಡೆಯ ಹಿರಿಯರೊಬ್ಬರು, 'ತತ್ವಪದಕ್ಕೆ ಏಕತಾರಿ ಸಾಕು, ಇದು ಅಪಚಾರ' ಎಂದು ಎದ್ದು ಹೋದರು.

ತರುಣರು ಈ ಧಾಟಿ ಕಲಿತದ್ದು ರಘು ದೀಕ್ಷಿತರ ಮೊದಲ ಧ್ವನಿಮುದ್ರಿಕೆಯಿಂದ. ಮೈಸೂರಿನಲ್ಲಿ ಬೆಳೆದ ಈ ಗಾಯಕರು ಸಿನೆಮಾದ್ದಲ್ಲದ ತಮ್ಮ ಹಾಡುಗಳನ್ನು ಹೊತ್ತು ವರ್ಷಗಟ್ಟಲೆ ಕಂಪೆನಿಗಳ ಬಾಗಿಲು ತಟ್ಟಿದರು. ಕೊನೆಗೆ 2008ರಲ್ಲಿ ಅವನ್ನು ಹೊರತಂದವರು ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್. ಎಂಟು ಹಾಡುಗಳಲ್ಲಿ ಎರಡು ಶರೀಫರವು. ಮಿಕ್ಕವು ಹಿಂದಿ, ಇಂಗ್ಲಿಷಿನವು. ಮುಂಬಯಿಯಲ್ಲಿ ಪವಾಡಕ್ಕಾಗಿ ಕಾದವನ ಹಾಡೂ ಒಂದಿದೆ. ಅದರ ಅರ್ಥವನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ!

ವಾದ್ಯ ಪರದೇಶದ್ದೆಂಬ ಕಾರಣಕ್ಕೆ ಅಪಚಾರವೆನ್ನುವುದನ್ನು ನಾವು ಒಪ್ಪಲಾರೆವು. ಶನಿವಾರದ ಭಜನೆಯಲ್ಲಿ ಆ ಹಿರಿಯರೇ ನುಡಿಸುವ ಹಾರ್ಮೋನಿಯಂ ಎಲ್ಲಿಂದ ಬಂತು? ಅದೂ ಯುರೋಪಿನ ಕೂಸು. 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಒಳಗೇ ಬಿಟ್ಟಿರಲಿಲ್ಲ. ಇಂದು ಅದಿಲ್ಲದ ಭಜನಾ ಮಂಡಳಿಯನ್ನು ತೋರಿಸಿ ನೋಡೋಣ. ಪಿಟೀಲಿನ ಕಥೆಯೂ ಇದೇ. ಇಷ್ಟಕ್ಕೂ ಶರೀಫರು (1819-1889) ಬ್ರಾಹ್ಮಣ ಗುರು ಗೋವಿಂದಭಟ್ಟರಲ್ಲಿ ಕಲಿತ ಮುಸಲ್ಮಾನರು. ಹೊರಗಿನದೆಂದು ದೂರವಿಡುವ ಬುದ್ಧಿ ಅವರದಾಗಿರಲಿಲ್ಲ.

ಆದರೆ ಹಿರಿಯರ ಸಿಟ್ಟಿನಲ್ಲಿ ಹುರುಳಿಲ್ಲವೆಂದೂ ಹೇಳಲಾರೆವು. ಅರಿವಿಲ್ಲದವನ ಬಾಳನ್ನು ಸೋರುವ ಮನೆಗೆ ಹೋಲಿಸಿದ ಪದ ಅದು. ಮಳೆಗಾಲದಲ್ಲಿ ಚಾಳಿನ ಕೋಣೆಯಲ್ಲಿ ಪಾತ್ರೆಯಿಟ್ಟು ಮಲಗಿದವರಿಗೆ ಅದು ಎರಡು ಪಟ್ಟು ತಟ್ಟುತ್ತದೆ. ದೀಕ್ಷಿತರ ಹಾಡಿಕೆಯಲ್ಲಿ ಮಾತು ಕೇಳುತ್ತದೆ. ನಮ್ಮ ತರುಣರ ಡ್ರಮ್ಮಿನಲ್ಲಿ ಮಾತೇ ಮುಳುಗಿತು. ಮುಂದಿನ ಸಾಲಿನಲ್ಲಿ ಕುಳಿತ ನಮಗೇ ಎರಡನೆಯ ನುಡಿ ತಿಳಿಯಲಿಲ್ಲ.

ಇನ್ನೊಂದು ಸಂಗತಿ. ತರುಣರಿಗೆ ಬರುವ ಶರೀಫರ ಪದಗಳು ಆ ಎರಡೇ. ಎದ್ದು ಹೋದ ಹಿರಿಯರಿಗೆ ಹತ್ತಾರು ಪದಗಳು ಬಾಯಿಪಾಠ. ಅವರ ಮಕ್ಕಳಾರೂ ಕಲಿತಿಲ್ಲ. ರಜೆಯ ದಿನ ತರುಣರು ಗಿಟಾರನ್ನೂ ತೆಗೆದುಕೊಂಡು ಅವರ ಕೋಣೆಗೆ ಹೋಗಲಿ. ನಾವು ಹಿರಿಯರೊಡನೆ ಮಾತನಾಡಿದ್ದೇವೆ. ಬೈಯುತ್ತಲೇ ಒಪ್ಪಿದ್ದಾರೆ, ಡ್ರಮ್ಮು ಮಾತ್ರ ಹೊಸ್ತಿಲು ದಾಟಕೂಡದಂತೆ.