ಬಿಜ್ಜಳನ ಮೀಸೆ

ಕಳೆದ ತಿಂಗಳ ಅಂಚೆಯಲ್ಲಿ ಮಾತೆಯೊಬ್ಬರ ಪತ್ರ ನಮ್ಮ ಕೈಸೇರಿತು. ಅವರ ಮಗಳು ಪದವಿ ತರಗತಿಯಲ್ಲಿ ಓದುತ್ತಿರುವಳು. ಕಾಲೇಜಿನ ಗ್ರಂಥಾಲಯದಿಂದ ಗಿರೀಶ ಕಾರ್ನಾಡರ 'ತಲೆದಂಡ' ನಾಟಕವನ್ನು ತಂದು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದಳಂತೆ. ಬೆಳಗಿನ ಪೂಜೆಯ ಹೊತ್ತಿಗೆ ಅವಳ ಕಣ್ಣು ಕೆಂಪಾಗಿದ್ದುದನ್ನು ಕಂಡು ತಾಯಿ ವಿಚಾರಿಸಲು, ಬಿಜ್ಜಳನ ಕೊಲೆಯ ದೃಶ್ಯವನ್ನು ಓದಿ ಅಳು ಬಂತೆಂದು ಹೇಳಿದಳು. "ಹರಳಯ್ಯನವರಿಗಾಗಿ ಅತ್ತಿದ್ದರೆ ನನಗೆ ಸಂತೋಷವಾಗುತ್ತಿತ್ತು. ಶರಣರ ಕಣ್ಣು ಕೀಳಿಸಿದವನಿಗಾಗಿ ನನ್ನ ಮಗಳು ಅಳುವುದೆ? ಇಂಥ ಪುಸ್ತಕ ಮನೆಯಲ್ಲಿ ಇರಬೇಕೆ, ಬೇಡವೆ? ತಾವು ತಿಳಿಸಿಕೊಡಬೇಕು" ಎಂದು ಆ ತಾಯಿ ಬರೆದಿದ್ದಾರೆ.

ಉತ್ತರಿಸಲು ನಾವು ತಡಮಾಡಿದೆವು. ಪ್ರಶ್ನೆ ಕಠಿಣವಾಗಿತ್ತೆಂದಲ್ಲ. ಇದೇ ಪ್ರಶ್ನೆ ಮೂವತ್ತು ವರ್ಷಗಳ ಹಿಂದೆ ಇನ್ನೊಂದು ರೂಪದಲ್ಲಿ ನಮ್ಮ ಮುಂದೆ ಬಂದಿತ್ತು; ಆಗ ನಾವು ಕೊಟ್ಟ ಉತ್ತರ ತಪ್ಪಾಗಿತ್ತು.

ಆಗ ನಾವು ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಅಧ್ಯಾಪಕರಾಗಿದ್ದೆವು. ಜಾತ್ರೆಯ ನಿಮಿತ್ತ ಊರ ತರುಣರು ಬಸವಣ್ಣನವರ ಚರಿತ್ರೆಯನ್ನು ನಾಟಕವಾಗಿ ಆಡುವವರಿದ್ದರು. ಅದರ ಭಾಷೆಯನ್ನು ತಿದ್ದಿಕೊಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಬಿಜ್ಜಳನ ಪಾತ್ರ ವಹಿಸಿದ್ದವರು ಕಿರಾಣಿ ಅಂಗಡಿಯ ಗೃಹಸ್ಥರೊಬ್ಬರು. ಎತ್ತರದ ಆಳು, ಒಳ್ಳೆಯ ಕಂಠ. ತಾಲೀಮಿನ ಮೂರನೆಯ ದಿನ ಅವರು ನಮ್ಮ ಕೋಣೆಗೆ ಬಂದು ಸಂಕೋಚದಿಂದ ಬಾಗಿಲಲ್ಲೇ ನಿಂತರು. "ಗುರುಗಳ, ಮೀಸಿ ತಿರುವೂದು, ಗಹಗಹಿಸಿ ನಗೂದು, ಇವೆರಡ ಬಿಟ್ರ ನನಗಿಲ್ಲಿ ಬ್ಯಾರೆ ಕೆಲಸನ ಇಲ್ರೀ. ಇಂವ ಯಾಕ ಹಿಂಗ ಮಾಡಿದಾ ಅಂತ ಒಂದರ ಮಾತು ಬರದ ಕೊಡ್ರಿ" ಎಂದು ಕೇಳಿದರು. "ಬಿಜ್ಜಳನಿಗೆ ಮೀಸೆಯೇ ಸಾಕು, ಕಾರಣವೇಕೆ?" ಎಂದು ನಾವು ನಕ್ಕುಬಿಟ್ಟೆವು. ಅವರೂ ನಕ್ಕು ಹೊರಟುಹೋದರು.

ನಾಟಕ ನಡೆಯಿತು. ಬಸವಣ್ಣನವರ ಪಾತ್ರಧಾರಿ ಬಲಗೈಯನ್ನು ಅಭಯಹಸ್ತವಾಗಿ ಎತ್ತಿದವನು ಮಂಗಳಾರತಿಯವರೆಗೆ ಇಳಿಸಲಿಲ್ಲ. ಹಿರಿಯರು ಭಕ್ತಿಯಿಂದ ಕೈಮುಗಿದರು, ಅನಂತರ ತೂಕಡಿಸಿದರು. ಮರುದಿನದಿಂದ ಎಂಟು ದಿನ ಊರಿನ ಹುಡುಗರೆಲ್ಲ ಇಲ್ಲದ ಮೀಸೆಯನ್ನು ತಿರುವುತ್ತ ಓಣಿಯಲ್ಲಿ ಅಲೆದರು! ಬಸವಣ್ಣನವರನ್ನು ಅನುಕರಿಸಿದ ಮಗು ಒಂದನ್ನೂ ನಾವು ಕಾಣಲಿಲ್ಲ. ಪಾತ್ರರಚನೆಯ ವಿಷಯದಲ್ಲಿ ನಮಗೆ ಚುಚ್ಚುವ ಮೊದಲ ಪಾಠ ಆದದ್ದು ಅಂದು.

ಪಾಠಶಾಲೆಯಲ್ಲಿ ನಾವು ಕಲಿತ ನಾಟ್ಯಲಕ್ಷಣದಲ್ಲಿ ನಾಯಕರು ನಾಲ್ಕು ವಿಧ: ಧೀರೋದಾತ್ತ, ಧೀರಲಲಿತ, ಧೀರೋದ್ಧತ, ಧೀರಪ್ರಶಾಂತ. ಇವು ಅಚ್ಚುಗಳು. ಅಚ್ಚಿಲ್ಲದೆ ಬೆಲ್ಲವೂ ಆಗದು, ನಿಜ. ಆದರೆ ಅಚ್ಚನ್ನು ಮೀರಿದ ವ್ಯಕ್ತಿಗಳೂ ಅದೇ ಸಂಸ್ಕೃತ ರಂಗದಲ್ಲಿ ಬಂದುಹೋಗಿದ್ದಾರೆ. ಶೂದ್ರಕನ 'ಮೃಚ್ಛಕಟಿಕ'ದ ಶರ್ವಿಲಕ ಬ್ರಾಹ್ಮಣನಾಗಿ ಹುಟ್ಟಿದ ಕಳ್ಳ; ಯಜ್ಞೋಪವೀತವನ್ನೇ ಅಳತೆಯ ದಾರವಾಗಿ ಬಳಸಿ ಚಾರುದತ್ತನ ಗೋಡೆಗೆ ಕನ್ನ ಹಾಕುತ್ತಾನೆ. ಅವನು ಕದಿಯುವುದು ತಾನೊಲಿದ ದಾಸಿಯನ್ನು ಬಿಡಿಸಿಕೊಳ್ಳಲು. ಅವಳು ಕೈಹಿಡಿದ ಗಳಿಗೆಯಲ್ಲೇ ಗೆಳೆಯನು ಸೆರೆಸಿಕ್ಕ ಸುದ್ದಿ ಕೇಳಿ, ಅವಳನ್ನು ಬೇರೆಡೆಗೆ ಕಳುಹಿಸಿ ಗೆಳೆಯನನ್ನು ಬಿಡಿಸಲು ಹೊರಡುತ್ತಾನೆ. ಹಿಂದುಮುಂದು ನೋಡದ ಆ ಒಂದೇ ಸ್ವಭಾವ ಅವನನ್ನು ಕಳ್ಳನನ್ನಾಗಿಯೂ ಮಾಡಿದೆ, ಮಿತ್ರನನ್ನಾಗಿಯೂ ಮಾಡಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ದುಷ್ಟನಿಗೆ ಒಂದು ಹಿಡಿ ಒಳ್ಳೆಯತನ, ಸಜ್ಜನನಿಗೆ ಒಂದು ಚಿಟಿಕೆ ಕೆಟ್ಟತನ ಬೆರೆಸಿದರೆ ಪಾತ್ರ ಸಂಕೀರ್ಣವಾಯಿತೆಂದು ಇಂದಿನ ಅನೇಕ ಬರಹಗಾರರು ಭಾವಿಸಿದಂತಿದೆ. ಕೊಲೆಗಾರನು ನಾಯಿಮರಿಗೆ ಹಾಲೆರೆಯುವ ಧಾರಾವಾಹಿಗಳು ಪ್ರತಿ ಸಂಜೆ ನಮ್ಮ ಮನೆಗಳಿಗೆ ಬರುತ್ತಿವೆ. ಅದು ಸಂಕೀರ್ಣತೆಯಲ್ಲ, ಕಲಬೆರಕೆ. ಗುಣವೂ ದೋಷವೂ ಒಂದೇ ಬೇರಿನಿಂದ ಮೇಲೆದ್ದು ಬಂದಾಗ ಮಾತ್ರ ಪಾತ್ರವು ಮನುಷ್ಯನಾಗುತ್ತದೆ. ನಮ್ಮ ಮನೆತನಗಳಲ್ಲೇ ನೋಡಬಾರದೆ? ಹಟ ಹಿಡಿದು ವ್ಯಾಜ್ಯ ನಡೆಸಿ ಪಿತ್ರಾರ್ಜಿತ ಹೊಲವನ್ನು ಉಳಿಸಿದ ಹಿರಿಯರೇ, ಅದೇ ಹಟದಿಂದ ಮಗಳ ಮುಖವನ್ನು ಇಪ್ಪತ್ತು ವರ್ಷ ನೋಡದೆ ಇದ್ದುಬಿಟ್ಟ ಉದಾಹರಣೆಗಳಿವೆ. ಅವರ ಹಟದಲ್ಲಿ ಎಷ್ಟು ಭಾಗ ಒಳ್ಳೆಯದು, ಎಷ್ಟು ಕೆಟ್ಟದ್ದು ಎಂದು ತಕ್ಕಡಿ ಹಿಡಿದು ಹೇಳಬಲ್ಲವರು ಯಾರು?

ಕನ್ನಡದಲ್ಲಿ ಈ ಗುಟ್ಟನ್ನು ತಿಳಿದವನು ರನ್ನ. ಹತ್ತನೆಯ ಶತಮಾನದ ಈ ಕವಿ ತನ್ನ ಪೋಷಕನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ 'ಗದಾಯುದ್ಧ'ವನ್ನು ಬರೆದ. 'ಸಾಹಸಭೀಮವಿಜಯ' ಎಂಬುದು ಅದರ ಇನ್ನೊಂದು ಹೆಸರು. ಆದ್ದರಿಂದ ಅವನಿಗೆ ಭೀಮನನ್ನು ಎತ್ತಿಹಿಡಿಯುವುದು ಕರ್ತವ್ಯ. ಉಂಡ ಅನ್ನದ ಋಣ. ಆದರೂ ಕಾವ್ಯ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಸಂಜಯನ ಹೆಗಲ ಮೇಲೆ ಕೈಯಿಟ್ಟು ಹೆಣಗಳ ನಡುವೆ ನಡೆಯುತ್ತ ದ್ರೋಣನನ್ನು, ದುಶ್ಶಾಸನನನ್ನು, ಹೆತ್ತ ಮಗ ಲಕ್ಷಣಕುಮಾರನನ್ನು, ಕರ್ಣನನ್ನು ಅವನು ಒಬ್ಬೊಬ್ಬರಾಗಿ ಕಾಣುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆಯೂ ನಿಂತು ಆ ಬಾಲಕನ ಸಾವಿನಂಥ ಸಾವು ತನಗೂ ಬರಲೆಂದು ಬಯಸುತ್ತಾನೆ. ಭೀಷ್ಮರು ಸಂಧಿಗೆ ಹೇಳಿದರೆ ಒಪ್ಪುವುದಿಲ್ಲ. ಕರ್ಣನನ್ನು ಕೈಬಿಡದ ಛಲವೇ ಪಾಂಡವರೊಡನೆ ಬಾಳಗೊಡದ ಛಲ. ಒಂದನ್ನು ಕಿತ್ತರೆ ಇನ್ನೊಂದೂ ಕಿತ್ತುಬರುತ್ತದೆ. ಇದನ್ನು ಮನಗಂಡೇ ಬಿ.ಎಂ. ಶ್ರೀಕಂಠಯ್ಯನವರು ಆ ಕಾವ್ಯದಿಂದ 1926ರಲ್ಲಿ 'ಗದಾಯುದ್ಧ ನಾಟಕ'ವನ್ನು ಹೊರತೆಗೆದರು.

ರನ್ನನನ್ನು ಓದಿ ದುರ್ಯೋಧನನಿಗಾಗಿ ಮರುಗಿದ ಯಾವ ಕನ್ನಡಿಗನೂ ದ್ರೌಪದಿಯ ಸೀರೆ ಸೆಳೆದದ್ದು ಸರಿಯೆಂದು ಹೇಳಲಿಲ್ಲ ಎಂಬುದನ್ನು ಪತ್ರ ಬರೆದ ತಾಯಿ ಗಮನಿಸಬೇಕೆಂದು ನಮ್ಮ ವಿನಂತಿ.

ಈಗ ಕಾರ್ನಾಡರ ಬಿಜ್ಜಳನ ಕಡೆಗೆ ಬರೋಣ. ಚರಿತ್ರೆಯ ಬಿಜ್ಜಳ ಕಲಚುರಿ ವಂಶದವನು. ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದು ಕಲ್ಯಾಣದ ಸಿಂಹಾಸನವನ್ನೇ ಕಸಿದುಕೊಂಡವನು. ಶಾಸನಗಳು ಅವನ ಬಿರುದುಗಳನ್ನು ಹೇಳುತ್ತವೆ, ಮನಸ್ಸನ್ನು ಹೇಳುವುದಿಲ್ಲ. 1990ರಲ್ಲಿ ಪ್ರಕಟವಾದ 'ತಲೆದಂಡ' ಆ ತೆರಪನ್ನು ಕಲ್ಪನೆಯಿಂದ ತುಂಬಿತು. ನಾಟಕದ ಬಿಜ್ಜಳನಿಗೆ ತನ್ನ ಕುಲ ಮೂಲದಲ್ಲಿ ಕ್ಷೌರಿಕರದೆಂಬ ನೋವಿದೆ. ರಾಜ್ಯವನ್ನು ಗೆದ್ದರೂ, ಅರಸುಮನೆತನದ ಕನ್ಯೆಯನ್ನು ತಂದರೂ ಆ ಹುಣ್ಣು ಮಾಯ್ದಿಲ್ಲ. ಹುಟ್ಟನ್ನು ಕೇಳದೆ ಮನುಷ್ಯನನ್ನು ನೋಡುವ ಬಸವಣ್ಣನವರನ್ನು ಅವನು ಮೆಚ್ಚುವುದು ಆ ನೋವಿನಿಂದ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯೆಂದು ಕೇಳಿದಾಗ ಬೆಚ್ಚುವುದೂ ಆ ನೋವಿನಿಂದಲೇ. ಕುಲದ ಬೆಲೆಯನ್ನು ತೆತ್ತು ಕೊಂಡವನಿಗೆ ಅದರ ಭಾರ ಗೊತ್ತು. ಒಂದೇ ಬೇರು, ಎರಡು ಕೊಂಬೆ.

ಇನ್ನೊಂದು ಮಾತು. ಪುರಾಣಗಳಲ್ಲಿ ಶರಣರ ಕಣ್ಣು ಕೀಳಿಸುವವನು ಬಿಜ್ಜಳನೇ, ನಾಟಕದಲ್ಲಿ ಹಾಗಿಲ್ಲ. ಅಲ್ಲಿ ಮಗ ಸೋವಿದೇವನು ತಂದೆಯನ್ನು ಅರಮನೆಯಲ್ಲೇ ಬಂಧಿಸಿ ಅಧಿಕಾರ ಹಿಡಿದ ಮೇಲೆ ಆ ಘೋರ ನಡೆಯುತ್ತದೆ. ಆ ಮಗನನ್ನು ಹಾಗೆ ಬೆಳೆಸಿದ್ದು ತಂದೆಯ ಚುಚ್ಚುಮಾತುಗಳೇ ಎಂಬುದನ್ನೂ ನಾಟಕಕಾರರು ಮರೆಮಾಚಿಲ್ಲ. ತಾಯಿ ಪುಸ್ತಕವನ್ನು ಓದದೆ ಪತ್ರ ಬರೆದಿರಬೇಕೆಂದು ನಮಗೆ ತೋರುತ್ತದೆ, ಅವರು ಕ್ಷಮಿಸಬೇಕು.

ನಮ್ಮನ್ನು ಹೆಚ್ಚು ಕಾಡಿದವನು ಜಗದೇವ. ತಂದೆ ಸಾವಿನ ಹಾಸಿಗೆಯಲ್ಲಿ ಮಗನ ಹೆಸರು ಹಿಡಿದು ಕೂಗುತ್ತಿರುವಾಗ ಈ ತರುಣ ಶರಣ ಸಂಗಡಿಗರೊಡನೆ ಭಂಡಾರಕ್ಕೆ ಮುತ್ತಿಗೆ ಹಾಕಿ ನಿಂತಿದ್ದಾನೆ. ನಾಟಕ ಆರಂಭವಾಗುವುದೇ ಅಲ್ಲಿಂದ. ಅವನ ನಿಷ್ಠೆ ಸುಳ್ಳಲ್ಲ. ಆದರೆ ಆ ನಿಷ್ಠೆಯೊಳಗೆ ತಾನು ಎಲ್ಲರಿಗಿಂತ ಮುಂದೆ ನಿಲ್ಲಬೇಕೆಂಬ ಹಸಿವಿದೆ. ಅದೇ ಹಸಿವು ಕಡೆಗೆ ಗರ್ಭಗುಡಿಯಲ್ಲಿ, ಅಧಿಕಾರ ಕಳೆದುಕೊಂಡ ಮುದುಕ ಅರಸನ ಮೈಗೆ ಕಠಾರಿಯಾಗಿ ಇಳಿಯುತ್ತದೆ. ಹುಡುಗಿ ಅತ್ತದ್ದು ಆ ಸ್ಥಳದಲ್ಲಿ. ಅವಳು ಅತ್ತದ್ದು ಬಿಜ್ಜಳನೊಬ್ಬನಿಗಾಗಿಯೇ ಎಂದು ನಮಗೆ ಅನಿಸುವುದಿಲ್ಲ. ಬಸವಣ್ಣನವರ ಹೆಸರು ಹೇಳುವ ಕೈಯೊಂದು ಲಿಂಗದ ಎದುರಿನಲ್ಲೇ ರಕ್ತವಾದದ್ದನ್ನು ಕಂಡು ಅತ್ತಿರಬಹುದು. ತಾಯಿ ಒಮ್ಮೆ ಕೇಳಿ ನೋಡಲಿ.

ಬಸವಣ್ಣನವರನ್ನು ಅಳುಕುವವರನ್ನಾಗಿ ಚಿತ್ರಿಸಿದ್ದು ಸರಿಯೆ ಎಂಬ ಆಕ್ಷೇಪವನ್ನು ನಾವು ಮಠದ ಅಂಗಳದಲ್ಲೂ ಕೇಳಿದ್ದೇವೆ. ನಾಟಕದಲ್ಲಿ ಅವರು ಆ ಮದುವೆಯ ಸುದ್ದಿಗೆ ತಕ್ಷಣ ಹಿಗ್ಗುವುದಿಲ್ಲ. ಮುಂದೊದಗುವುದನ್ನು ನೆನೆದು ತಡವರಿಸಿ, ಆಮೇಲೆ ಹರಸುತ್ತಾರೆ. ಆಕ್ಷೇಪಿಸುವವರು ಬಸವಣ್ಣನವರ ವಚನಗಳನ್ನು ಮತ್ತೊಮ್ಮೆ ತೆರೆಯಬೇಕು. ತಮ್ಮ ಮನಸ್ಸು ಒಂದೆಡೆ ನಿಲ್ಲದೆಂದು ಹಲುಬಿದವರು, ತಮ್ಮ ಭಕ್ತಿ ಹುಸಿಯೆಂದು ತಮ್ಮನ್ನೇ ಹಳಿದುಕೊಂಡವರು ಅವರಲ್ಲವೆ? ಅವರೇ ತಮ್ಮ ಕೈಯಾರೆ ಬರೆದಿಟ್ಟ ತಳಮಳವನ್ನು ಅಳಿಸಿ, ಅಭಯಹಸ್ತವೊಂದನ್ನೇ ಉಳಿಸಿದವರು ನಾವು, ಭಕ್ತರು. ಧರಣಿಪಂಡಿತನ 'ಬಿಜ್ಜಳರಾಯಚರಿತ್ರೆ'ಯೆಂಬ ಜೈನ ಕಾವ್ಯವಿದೆ. ಅಲ್ಲಿ ಬಿಜ್ಜಳನು ಸತ್ಪುರುಷ, ದುಷ್ಟತನವೆಲ್ಲ ಬಸವಣ್ಣನವರ ತಲೆಗೆ. ಅದನ್ನು ಓದಿದಾಗ ನಮಗೆ ಸಂಕಟವಾಯಿತು. ಹಾಗೆಯೇ ಕಿರಾಣಿ ಅಂಗಡಿಯವರ ನೆನಪೂ ಆಯಿತು. ಆ ಕವಿ ನಮ್ಮವರಿಗೆ ಮೀಸೆ ಅಂಟಿಸಿದ್ದ, ನಾವು ಅವರವನಿಗೆ ಅಂಟಿಸಿದ್ದೆವು.

'ತಲೆದಂಡ'ದಲ್ಲಿ ನಮಗೆ ಒಪ್ಪಿಗೆಯಾಗದ್ದೂ ಇದೆ. ಹರಳಯ್ಯ, ಮಧುವರಸರು ನಮ್ಮ ಕಣ್ಣೆದುರು ಸಾಕಷ್ಟು ಹೊತ್ತು ನಿಲ್ಲುವುದಿಲ್ಲ. ಇಬ್ಬರು ತಾಯಂದಿರಿಗೆ ಈ ಸಂಬಂಧದ ವಿಷಯದಲ್ಲಿರುವ ಅಳುಕು ಎಷ್ಟು ದೊಡ್ಡ ವಸ್ತು! ಅದು ಬಂದಷ್ಟೇ ಬೇಗ ಅರಮನೆಯ ಮಾತಿನಲ್ಲಿ ಮುಳುಗಿಹೋಗುತ್ತದೆ. ಅರಸನ ಒಳಗನ್ನು ಅಷ್ಟು ಆಳವಾಗಿ ಕಂಡ ಲೇಖಕರು ಸಮಗಾರರ ಮನೆಯೊಳಗೆ ಇನ್ನೆರಡು ಗಳಿಗೆ ಕೂತಿದ್ದರೆ, ಹುಡುಗಿಯ ಕಣ್ಣೀರು ಹರಳಯ್ಯನವರ ಪಾಲಿಗೂ ಬರುತ್ತಿತ್ತು. ತಾಯಿಯ ದೂರಿನಲ್ಲಿ ಈ ಅಂಶ ನ್ಯಾಯವಾದದ್ದು. 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದ ಕೃತಿಯೆಂದು ನಾವು ಇದನ್ನು ಹೇಳದೆ ಬಿಡಬೇಕಾಗಿಲ್ಲ.

ಪುಸ್ತಕ ಮನೆಯಲ್ಲಿರಲಿ. ಗ್ರಂಥಾಲಯಕ್ಕೆ ಹಿಂದಿರುಗಿಸುವ ಮುನ್ನ ತಾಯಿಯೂ ಓದಲಿ. ಮಗಳಿಗೆ ನಮ್ಮದೊಂದು ಪ್ರಶ್ನೆಯಿದೆ: ಮದುವೆಯ ಹಿಂದಿನ ರಾತ್ರಿ ಹರಳಯ್ಯನ ಹೆಂಡತಿ ಕಲ್ಯಾಣಿ ನಿದ್ದೆ ಮಾಡಿದಳೆ? ಎರಡು ಪುಟ ಬರೆದು ಕಳುಹಿಸಿದರೆ ಓದುವ ಆಸೆ ನಮಗಿದೆ.

ಕಿರಾಣಿ ಅಂಗಡಿಯ ಆ ಗೃಹಸ್ಥರು ಈಗ ಹಣ್ಣುಗೂದಲಿನವರು; ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ. ಬರುವ ಜಾತ್ರೆಗೆ ಅದೇ ನಾಟಕವನ್ನು ಮತ್ತೆ ಆಡುವರಂತೆ, ಬಿಜ್ಜಳನ ಪಾತ್ರ ಮಗನದಂತೆ. ಕಳೆದ ಸೋಮವಾರ ನಾವೇ ಅಂಗಡಿಗೆ ಹೋಗಿ, ನಾಲ್ಕು ಸಾಲು ಬರೆದ ಹಾಳೆಯೊಂದನ್ನು ಅವರ ಕೈಗಿತ್ತೆವು. ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. "ಚಲೋ ಅದ ರೀ ಗುರುಗಳ. ಸ್ವಲ್ಪ ತಡಾ ಆತು" ಎಂದು, ಹಾಳೆಯನ್ನು ಮಡಚಿ ಗಲ್ಲೆಯೊಳಗೆ ಇಟ್ಟರು.